ಎಡಿಟಿಂಗ್ ಪ್ಲೇಬ್ಯಾಕ್‌ಗಾಗಿ ಹೊರಗಿನ ಮಾನಿಟರ್ ಜೋಡಿಸುವ ಬಗೆ

ವಿಡಿಯೊ ಎಡಿಟಿಂಗ್ ತಂತ್ರಾಂಶವನ್ನು ತೆರೆದರೆ ಟೈಮ್‌ಲೈನ್, ಕ್ಲಿಪ್‌ಗಳ ರಾಶಿ, ಧ್ವನಿಯ ಮೀಟರು, ಎಫೆಕ್ಟುಗಳ ಪಟ್ಟಿ ಎಲ್ಲವೂ ತಮ್ಮ ತಮ್ಮ ಪಾಲಿನ ಜಾಗವನ್ನು ಹಿಡಿದುಕೊಂಡು, ನಿಜವಾಗಿ ನೋಡಬೇಕಾದ ಚಿತ್ರಕ್ಕೆ ಅಂಗೈಯಗಲದ ಮೂಲೆಯನ್ನು ಮಾತ್ರ ಬಿಟ್ಟಿರುತ್ತವೆ. ಆ ಮೂಲೆಯಲ್ಲಿ ಫೋಕಸ್ ಕಣ್ಣಿನಿಂದ ಕಿವಿಗೆ ಜಾರಿದ್ದು ಕಾಣುವುದಿಲ್ಲ, ಮೈಕಿನ ತುದಿ ಫ್ರೇಮಿನ ಮೇಲಂಚಿನಲ್ಲಿ ಇಣುಕಿದ್ದು ಕಾಣುವುದಿಲ್ಲ, ನೆರಳಿನ ಭಾಗದಲ್ಲಿ ಎದ್ದ ಕಾಳುಕಾಳಾದ ನಾಯ್ಸ್ ಅಂತೂ ಕಾಣುವುದೇ ಇಲ್ಲ. ಚಿತ್ರವನ್ನು ಬೇರೊಂದು ಪರದೆಯ ತುಂಬ ಓಡಿಸಿ ನೋಡುವ ಏರ್ಪಾಡು ಬೇಕೆನಿಸುವುದು ಇದರಿಂದಲೇ.

ಕೇಬಲ್ ಚುಚ್ಚುವುದಷ್ಟೇ ಜೋಡಣೆ ಎಂದುಕೊಂಡರೆ ಇದು ಎರಡು ನಿಮಿಷದ ಕೆಲಸ. ಆದರೆ ಟೈಮ್‌ಲೈನಿನಿಂದ ಹೊರಟ ಚಿತ್ರವು ಎಡಿಟಿಂಗ್ ತಂತ್ರಾಂಶ, ಆಪರೇಟಿಂಗ್ ಸಿಸ್ಟಮ್, ಗ್ರಾಫಿಕ್ಸ್ ಡ್ರೈವರ್, ಕೇಬಲ್, ಮಾನಿಟರಿನ ಒಳಗಿನ ಸರ್ಕ್ಯೂಟ್ ಎಂಬ ಐದು ಕೈಗಳನ್ನು ದಾಟಿ ಪರದೆಗೆ ಬರುತ್ತದೆ, ಮತ್ತು ಪ್ರತಿಯೊಂದು ಕೈಯೂ ಅದನ್ನು ತನಗೆ ತೋಚಿದಂತೆ ತಿದ್ದಬಲ್ಲದು. ತೊಡಕೇನೆಂದರೆ, ಹೀಗೆ ತಿದ್ದಿದಾಗ ಯಾವ ಎಚ್ಚರಿಕೆಯ ಸಂದೇಶವೂ ಬರುವುದಿಲ್ಲ. ಚಿತ್ರ ಬರುತ್ತಲೇ ಇರುತ್ತದೆ. ಕಪ್ಪು ಸ್ವಲ್ಪ ಬೂದಾಗಿ, ಚಲನೆ ಸ್ವಲ್ಪ ತಡವರಿಸಿ, ತುಟಿಗಿಂತ ಮಾತು ಒಂದೆರಡು ಫ್ರೇಮ್ ಮುಂಚಿತವಾಗಿ ಬರುತ್ತದೆ. ಆದ್ದರಿಂದ ಮುಖ್ಯವಾದ ಹಂತಗಳಲ್ಲಿ ಏನು ಮಾಡಬೇಕೆಂಬುದರ ಜೊತೆಗೆ, ಮಾಡಿದ್ದು ಸರಿಯಾಗಿದೆಯೇ ಎಂದು ಕಣ್ಣಾರೆ ಪರೀಕ್ಷಿಸುವ ಬಗೆಯನ್ನೂ ಹೇಳಿದ್ದೇನೆ.

ಮೊದಲು ದಾರಿಯನ್ನು ತೀರ್ಮಾನಿಸಿ

ಕಂಪ್ಯೂಟರಿನಿಂದ ಚಿತ್ರವನ್ನು ಹೊರಗೆ ಕಳುಹಿಸಲು ಎರಡು ದಾರಿಗಳಿವೆ. ಮೊದಲನೆಯದು ಗ್ರಾಫಿಕ್ಸ್ ಕಾರ್ಡಿನ ಎಚ್‌ಡಿಎಂಐ ಅಥವಾ ಡಿಸ್‌ಪ್ಲೇಪೋರ್ಟ್‌ಗೆ ಎರಡನೇ ಮಾನಿಟರನ್ನು ನೇರವಾಗಿ ಜೋಡಿಸುವುದು. ಇಲ್ಲಿ ಆ ಮಾನಿಟರ್ ನಿಮ್ಮ ಡೆಸ್ಕ್‌ಟಾಪಿನದೇ ಮುಂದುವರಿಕೆ. ಎಡಿಟಿಂಗ್ ತಂತ್ರಾಂಶವು ಅದರ ಮೇಲೆ ಚಿತ್ರವನ್ನು ಪೂರ್ಣಪರದೆಯಲ್ಲಿ ಹರಡುತ್ತದೆ. ಎರಡನೆಯದು ಬ್ಲ್ಯಾಕ್‌ಮ್ಯಾಜಿಕ್ ಸಂಸ್ಥೆಯ ಡೆಕ್‌ಲಿಂಕ್, ಅಲ್ಟ್ರಾಸ್ಟುಡಿಯೊ ಅಥವಾ ಎಜೆಎ ಸಂಸ್ಥೆಯ ಕೋನಾ ಮೊದಲಾದ ಪ್ರತ್ಯೇಕ ವಿಡಿಯೊ ಔಟ್‌ಪುಟ್ ಸಾಧನದ ಮೂಲಕ ಕಳುಹಿಸುವುದು. ಈ ಸಾಧನಕ್ಕೆ ಜೋಡಿಸಿದ ಮಾನಿಟರ್ ಇದೆಯೆಂಬುದೇ ಆಪರೇಟಿಂಗ್ ಸಿಸ್ಟಮ್ಮಿಗೆ ತಿಳಿದಿರುವುದಿಲ್ಲ. ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಅದು ಕಾಣಿಸಿಕೊಳ್ಳುವುದಿಲ್ಲ, ಮೌಸಿನ ಬಾಣ ಅತ್ತ ಹೋಗುವುದಿಲ್ಲ, ಇಮೇಲ್ ಬಂದ ಸೂಚನೆ ಚಿತ್ರದ ಮೂಲೆಯಲ್ಲಿ ಚಿಮ್ಮುವುದಿಲ್ಲ. ತಂತ್ರಾಂಶವು ಟೈಮ್‌ಲೈನಿನ ಫ್ರೇಮ್ ವೇಗದಲ್ಲೇ, ನಡುವೆ ಯಾರೂ ಬಣ್ಣವನ್ನು ತಿದ್ದದಂತೆ, ಸಿಗ್ನಲನ್ನು ನೇರವಾಗಿ ಹೊರಗೆ ಕೊಡುತ್ತದೆ. ಇಂಟರ್‌ಲೇಸ್ ಆದ (ಪ್ರತಿ ಫ್ರೇಮನ್ನು ಬೆಸ ಮತ್ತು ಸಮ ಸಾಲುಗಳ ಎರಡು ಅರ್ಧಗಳಾಗಿ, ಎಂದರೆ ಫೀಲ್ಡುಗಳಾಗಿ, ಒಡೆದ) 50ಐ ಸಾಮಗ್ರಿಯಲ್ಲಿ ಫೀಲ್ಡುಗಳ ಸರದಿ ತಿರುವುಮುರುವಾಗಿದೆಯೇ ಎಂಬುದನ್ನು ನೋಡಬೇಕಾದರೂ ಈ ದಾರಿಯೇ ಬೇಕು, ಏಕೆಂದರೆ ಸಾಮಾನ್ಯ ಕಂಪ್ಯೂಟರ್ ಪರದೆಯು ಆ ತಪ್ಪನ್ನು ಮರೆಮಾಚಿಬಿಡುತ್ತದೆ.

ನನ್ನ ಅಭಿಪ್ರಾಯ ಇಷ್ಟು: ಕತ್ತರಿಸುವುದು, ಜೋಡಿಸುವುದು, ಕಥೆಯ ಓಟವನ್ನು ನೋಡುವುದು, ಪಕ್ಕದಲ್ಲಿ ಕುಳಿತ ನಿರ್ದೇಶಕರಿಗೆ ತೋರಿಸುವುದು ಇವಿಷ್ಟೇ ಕೆಲಸವಾದರೆ ಮೊದಲನೆಯ ದಾರಿ ಸಾಕು, ಸಾಧನಕ್ಕೆ ಹಣ ಸುರಿಯಬೇಕಿಲ್ಲ. ಆದರೆ ಟಿವಿ ವಾಹಿನಿಗೋ ಚಿತ್ರಮಂದಿರಕ್ಕೋ ಹೋಗಬೇಕಾದ ಕೃತಿಯ ಅಂತಿಮ ಬಣ್ಣವನ್ನು ಮೊದಲನೆಯ ದಾರಿಯಲ್ಲಿ ನೋಡಿ ನಿರ್ಧರಿಸುವುದು ಅಪಾಯ. ಸಾಧನ ಕೊಳ್ಳುವ ಮೊದಲು ಒಂದು ವಿಷಯ ಗಮನದಲ್ಲಿರಲಿ. ಪ್ರೀಮಿಯರ್ ಪ್ರೊ ತಂತ್ರಾಂಶವು ಬೇರೆ ಬೇರೆ ಸಂಸ್ಥೆಗಳ ಸಾಧನಗಳ ಜೊತೆ ಕೆಲಸ ಮಾಡುತ್ತದೆ. ಡಾವಿಂಚಿ ರಿಸಾಲ್ವ್ ಮಾತ್ರ ಬ್ಲ್ಯಾಕ್‌ಮ್ಯಾಜಿಕ್ಕಿನದೇ ತಂತ್ರಾಂಶವಾದ್ದರಿಂದ ಅದಕ್ಕೆ ಆ ಸಂಸ್ಥೆಯ ಸಾಧನವನ್ನೇ ಆರಿಸಿಕೊಳ್ಳುವುದು ಕ್ಷೇಮ.

ಪೋರ್ಟ್ ಮತ್ತು ಕೇಬಲ್

ಡೆಸ್ಕ್‌ಟಾಪ್ ಕಂಪ್ಯೂಟರಿನ ಹಿಂಬದಿಯಲ್ಲಿ ಎಚ್‌ಡಿಎಂಐ ತೂತು ಎರಡು ಕಡೆ ಇರುತ್ತದೆ: ಮೇಲೆ ಮದರ್‌ಬೋರ್ಡಿನದು, ಅದರ ಕೆಳಗೆ ಅಡ್ಡಪಟ್ಟಿಗಳ ಜಾಗದಲ್ಲಿ ಗ್ರಾಫಿಕ್ಸ್ ಕಾರ್ಡಿನದು. ಕೇಬಲ್ ಹೋಗಬೇಕಾದದ್ದು ಕೆಳಗಿನದಕ್ಕೆ. ಹೇಳುವುದಕ್ಕೆ ನಾಚಿಕೆಯಾಗುತ್ತದೆ, ಮೇಜಿನ ಹಿಂದೆ ಕತ್ತಲಲ್ಲಿ ಕೈಯಾಡಿಸಿ ಮೇಲಿನ ಪೋರ್ಟಿಗೆ ಎರಡನೇ ಮಾನಿಟರನ್ನು ಸಿಕ್ಕಿಸಿ, ಪ್ಲೇಬ್ಯಾಕ್ ಏಕೆ ಕುಂಟುತ್ತಿದೆ ಎಂದು ನಾನು ಒಮ್ಮೆ ಅರ್ಧ ದಿನ ಡ್ರೈವರುಗಳನ್ನು ತೆಗೆದು ಹಾಕಿದ್ದೇನೆ. ಪ್ರೊಸೆಸರಿನಲ್ಲಿ ಅಡಕವಾದ ಗ್ರಾಫಿಕ್ಸ್ ಚಾಲ್ತಿಯಲ್ಲಿದ್ದರೆ ಮೇಲಿನ ಪೋರ್ಟಿನಲ್ಲೂ ಚಿತ್ರ ಬರುತ್ತದೆ, ಹಾಗಾಗಿ ತಪ್ಪು ಮಾಡಿದ್ದು ಗೊತ್ತೇ ಆಗುವುದಿಲ್ಲ. ಪ್ರತಿ ಫ್ರೇಮೂ ಒಂದು ಗ್ರಾಫಿಕ್ಸ್ ಘಟಕದಿಂದ ಇನ್ನೊಂದಕ್ಕೆ ದಾಟಿ ಹೋಗಬೇಕಾಗುವುದರಿಂದ ಕುಂಟುತ್ತದೆ.

ಇನ್ನು ಕೇಬಲ್ಲಿನ ಸಾಮರ್ಥ್ಯ. ಪೂರ್ಣ ಎಚ್‌ಡಿ ಅಂದರೆ 1920×1080 ಚಿತ್ರಕ್ಕೆ ಯಾವ ಎಚ್‌ಡಿಎಂಐ ಕೇಬಲ್ ಆದರೂ ನಡೆಯುತ್ತದೆ. 3840×2160ರ 4ಕೆ ಚಿತ್ರಕ್ಕೆ ಬಂದಾಗ ಲೆಕ್ಕ ನೋಡಬೇಕು. ಎಚ್‌ಡಿಎಂಐ 1.4 ಪೋರ್ಟು 4ಕೆ ಚಿತ್ರವನ್ನು ಸೆಕೆಂಡಿಗೆ 30 ಸಲ ಮಾತ್ರ ಕಳುಹಿಸಬಲ್ಲದು. ಸೆಕೆಂಡಿಗೆ 18 ಗಿಗಾಬಿಟ್ ಸಾಗಿಸುವ ಎಚ್‌ಡಿಎಂಐ 2.0ರಲ್ಲಿ 60 ಹರ್ಟ್ಸ್, ಎಂದರೆ ಸೆಕೆಂಡಿಗೆ 60 ಸಲ, ಸಾಧ್ಯ, ಆದರೆ ಬಣ್ಣದ ಮಾಹಿತಿಯನ್ನು ಕಡಿತಗೊಳಿಸದೆ 10 ಬಿಟ್ ಆಳದಲ್ಲಿ (8 ಬಿಟ್ಟಿಗಿಂತ ನುಣುಪಾದ ಬಣ್ಣದ ಮೆಟ್ಟಿಲುಗಳಲ್ಲಿ) ಕಳುಹಿಸಲು ಅಲ್ಲಿಯೂ ಜಾಗ ಸಾಲದು. ಆಗ ಕಂಪ್ಯೂಟರು ತಾನೇ 8 ಬಿಟ್ಟಿಗೆ ಇಳಿಯುತ್ತದೆ ಅಥವಾ ಬಣ್ಣದ ಮಾಹಿತಿಯನ್ನು ಅರ್ಧ ಮಾಡಿ 4:2:2ಕ್ಕೆ ಇಳಿಸುತ್ತದೆ. ಅದೇ ಕೇಬಲ್ಲಿನಲ್ಲಿ 24, 25 ಅಥವಾ 30 ಹರ್ಟ್ಸ್‌ಗೆ ಇಳಿದರೆ 10 ಬಿಟ್ಟಿನ ಪೂರ್ಣ ಬಣ್ಣ ಆರಾಮವಾಗಿ ಹಿಡಿಸುತ್ತದೆ. ಅಷ್ಟು ಕಡಿಮೆ ಹರ್ಟ್ಸ್‌ನಲ್ಲಿ ಮೌಸಿನ ಬಾಣ ಜೋಲಿ ಹೊಡೆದಂತೆ ಚಲಿಸುತ್ತದೆ ನಿಜ. ಆದರೆ ಆ ಪರದೆ ಇರುವುದು ಚಿತ್ರ ನೋಡುವುದಕ್ಕೇ ಹೊರತು ಬಾಣ ಆಡಿಸುವುದಕ್ಕಲ್ಲವಾದ್ದರಿಂದ ಅದು ದೊಡ್ಡ ತೊಂದರೆಯಲ್ಲ. ಸೆಕೆಂಡಿಗೆ 48 ಗಿಗಾಬಿಟ್ಟಿನವರೆಗೆ ಹೋಗಬಲ್ಲ ಎಚ್‌ಡಿಎಂಐ 2.1 ಅಥವಾ 32.4 ಗಿಗಾಬಿಟ್ಟಿನ ಡಿಸ್‌ಪ್ಲೇಪೋರ್ಟ್ 1.4 ಎರಡೂ ತುದಿಗಳಲ್ಲಿದ್ದರೆ ಈ ಚೌಕಾಸಿಯ ಅಗತ್ಯವೇ ಬೀಳುವುದಿಲ್ಲ. ಎರಡೂ ತುದಿ ಎಂದು ಒತ್ತಿ ಹೇಳುತ್ತಿದ್ದೇನೆ: ಕಂಪ್ಯೂಟರು, ಕೇಬಲ್, ಮಾನಿಟರ್ ಮೂರರಲ್ಲಿ ಯಾವುದು ಅಶಕ್ತವೋ ಅದರ ಮಿತಿಯೇ ಇಡೀ ಸರಪಳಿಯ ಮಿತಿ.

ಎಚ್‌ಡಿಎಂಐ ಕೇಬಲ್ ಕೊಳ್ಳುವಾಗ ಪೊಟ್ಟಣದ ಮೇಲೆ 18 ಗಿಗಾಬಿಟ್ಟಿಗೆ 'ಪ್ರೀಮಿಯಂ ಹೈ ಸ್ಪೀಡ್', 48 ಗಿಗಾಬಿಟ್ಟಿಗೆ 'ಅಲ್ಟ್ರಾ ಹೈ ಸ್ಪೀಡ್' ಎಂಬ ಪ್ರಮಾಣಪತ್ರದ ಚೀಟಿ ಇದೆಯೇ ನೋಡಬೇಕು. ಎರಡು ಮೂರು ಮೀಟರಿನೊಳಗಿನ ಉದ್ದವಿದ್ದರೆ ಸಾಮಾನ್ಯವಾಗಿ ತಕರಾರು ಇರುವುದಿಲ್ಲ. ಕೋಣೆಯ ಆ ತುದಿಯ ಟಿವಿಗೆ ಹತ್ತು ಹದಿನೈದು ಮೀಟರ್ ಎಳೆಯಬೇಕಾದರೆ ಆಪ್ಟಿಕಲ್ ಎಚ್‌ಡಿಎಂಐ ಕೇಬಲ್ ಬಳಸಬೇಕು. ಅದಕ್ಕೆ ದಿಕ್ಕು ಇರುತ್ತದೆ. ಒಂದು ತುದಿಯಲ್ಲಿ 'ಸೋರ್ಸ್', ಇನ್ನೊಂದರಲ್ಲಿ 'ಡಿಸ್‌ಪ್ಲೇ' ಎಂದು ಬರೆದಿರುತ್ತಾರೆ, ತಿರುಗಿಸಿ ಹಾಕಿದರೆ ಏನೂ ಬರುವುದಿಲ್ಲ. ಡಿಸ್‌ಪ್ಲೇಪೋರ್ಟ್‌ನಿಂದ ಎಚ್‌ಡಿಎಂಐಗೆ ಹೋಗುವ ಅಗ್ಗದ ಕೇಬಲ್ಲುಗಳೂ ಹೀಗೆಯೇ ಏಕಮುಖ: ಕಂಪ್ಯೂಟರಿನ ಕಡೆ ಡಿಸ್‌ಪ್ಲೇಪೋರ್ಟ್ ಇದ್ದಾಗ ಮಾತ್ರ ಕೆಲಸ ಮಾಡುತ್ತವೆ.

ಲ್ಯಾಪ್‌ಟಾಪಿನ ಯುಎಸ್‌ಬಿ-ಸಿ ತೂತುಗಳು ನೋಡಲು ಎಲ್ಲವೂ ಒಂದೇ, ಒಳಗೆ ಬೇರೆ ಬೇರೆ. ಕೆಲವು ಚಾರ್ಜಿಂಗ್ ಮತ್ತು ಕಡತ ಸಾಗಣೆಗೆ ಮಾತ್ರ. ಚಿತ್ರವನ್ನು ಹೊರಗೆ ಕೊಡುವ ತೂತಿನ ಪಕ್ಕದಲ್ಲಿ ಡಿಸ್‌ಪ್ಲೇಪೋರ್ಟ್‌ನ ಗುರುತೋ ಥಂಡರ್‌ಬೋಲ್ಟ್‌ನ ಮಿಂಚಿನ ಗುರುತೋ ಸಾಮಾನ್ಯವಾಗಿ ಇರುತ್ತದೆ. ಹಬ್ ಬಳಸುವುದಾದರೆ ಅದರ ಎಚ್‌ಡಿಎಂಐ 4ಕೆಯನ್ನು ಎಷ್ಟು ಹರ್ಟ್ಸ್‌ನಲ್ಲಿ ಕೊಡುತ್ತದೆ ಎಂದು ಓದಿ ನೋಡಬೇಕು. 30 ಹರ್ಟ್ಸ್‌ಗೇ ನಿಲ್ಲುವ ಹಬ್ಬುಗಳು ಬಹಳ. ಡಿಸ್‌ಪ್ಲೇಲಿಂಕ್ ತಂತ್ರದ ಯುಎಸ್‌ಬಿ ಅಡಾಪ್ಟರುಗಳನ್ನು ಪ್ಲೇಬ್ಯಾಕ್‌ಗೆ ಬಳಸಲೇಬಾರದು. ಅವು ಚಿತ್ರವನ್ನು ಡ್ರೈವರಿನಲ್ಲಿ ಕುಗ್ಗಿಸಿ ಯುಎಸ್‌ಬಿ ಮೂಲಕ ಸಾಗಿಸುತ್ತವೆ. ಪತ್ರ, ಲೆಕ್ಕಪತ್ರಗಳಿಗೆ ಒಳ್ಳೆಯವು, ಓಡುವ ಚಿತ್ರಕ್ಕೆ ಅಲ್ಲ. ಎಂ1 ಅಥವಾ ಎಂ2 ಚಿಪ್ಪಿನ ಮ್ಯಾಕ್‌ಬುಕ್ ಏರ್ ಒಂದೇ ಒಂದು ಹೊರಗಿನ ಮಾನಿಟರನ್ನು ಒಪ್ಪಿಕೊಳ್ಳುತ್ತದೆ ಎಂಬುದನ್ನೂ ಎರಡು ಮಾನಿಟರಿನ ಯೋಜನೆ ಹಾಕುವವರು ಮೊದಲೇ ತಿಳಿದಿರಬೇಕು.

ಆಪರೇಟಿಂಗ್ ಸಿಸ್ಟಮ್ಮಿನಲ್ಲಿ

ಮಾನಿಟರನ್ನು ಮೊದಲು ಆನ್ ಮಾಡಿ, ಸರಿಯಾದ ಇನ್‌ಪುಟ್ ಆರಿಸಿ, ಆಮೇಲೆ ಎಡಿಟಿಂಗ್ ತಂತ್ರಾಂಶವನ್ನು ತೆರೆಯುವುದು ಒಳ್ಳೆಯ ಅಭ್ಯಾಸ. ವಿಂಡೋಸ್‌ನಲ್ಲಿ ವಿಂಡೋಸ್ ಕೀ ಮತ್ತು ಪಿ ಅಕ್ಷರವನ್ನು ಒಟ್ಟಿಗೆ ಒತ್ತಿ 'ಎಕ್ಸ್‌ಟೆಂಡ್' ಆರಿಸಬೇಕು. 'ಡ್ಯೂಪ್ಲಿಕೇಟ್' ಬೇಡ; ಅದರಲ್ಲಿ ಎರಡೂ ಪರದೆಗಳು ಒಂದೇ ರೆಸಲ್ಯೂಷನ್ ಮತ್ತು ಹರ್ಟ್ಸ್‌ಗೆ ಒಗ್ಗಿಕೊಳ್ಳಬೇಕಾಗುತ್ತದೆ. ಮ್ಯಾಕ್‌ನಲ್ಲಿ ಸಿಸ್ಟಮ್ ಸೆಟ್ಟಿಂಗ್ಸ್‌ನ 'ಡಿಸ್‌ಪ್ಲೇಸ್' ಪುಟದಲ್ಲಿ ಎರಡನೇ ಮಾನಿಟರನ್ನು ಎಕ್ಸ್‌ಟೆಂಡೆಡ್ ಡಿಸ್‌ಪ್ಲೇ ಆಗಿ ಇಡಬೇಕು. ಎರಡರಲ್ಲೂ ಮಾನಿಟರಿನ ಸ್ವಂತ ರೆಸಲ್ಯೂಷನ್ನನ್ನೇ ಆರಿಸಿ, ನೈಟ್ ಲೈಟ್, ನೈಟ್ ಶಿಫ್ಟ್, ಟ್ರೂ ಟೋನ್ ಮೊದಲಾದ ಕಣ್ಣಿಗೆ ತಂಪು ಕೊಡುವ ಸೌಲಭ್ಯಗಳನ್ನೆಲ್ಲ ಆಫ್ ಮಾಡಬೇಕು. ಸಂಜೆಯಾದಂತೆ ಪರದೆ ಹಳದಿಗೆ ತಿರುಗಿದ್ದನ್ನು ಗಮನಿಸದೆ ಮುಖಗಳಿಗೆ ನೀಲಿ ತುಂಬಿದವರು ಕಡಿಮೆಯೇನಲ್ಲ. ಸಾಮಾನ್ಯ ಎಸ್‌ಡಿಆರ್ ಚಿತ್ರದ ಕೆಲಸವಾದರೆ ವಿಂಡೋಸ್‌ನ ಎಚ್‌ಡಿಆರ್ ಗುಂಡಿಯೂ ಆಫ್ ಇರಲಿ.

ಫ್ರೇಮ್ ವೇಗವೂ ಹರ್ಟ್ಸೂ

ಅತಿ ಹೆಚ್ಚು ಮಂದಿ ಎಡವುವುದು ಇಲ್ಲಿ. ಹೆಚ್ಚಿನ ಮಾನಿಟರುಗಳು ಹುಟ್ಟಾ 60 ಹರ್ಟ್ಸ್‌ನವು, ಎಂದರೆ ಪರದೆ ಸೆಕೆಂಡಿಗೆ 60 ಸಲ ಹೊಸದಾಗಿ ಬರೆಯಲ್ಪಡುತ್ತದೆ. ನಿಮ್ಮ ಟೈಮ್‌ಲೈನ್ 25 ಫ್ರೇಮಿನದು ಎಂದುಕೊಳ್ಳಿ. 60ನ್ನು 25ರಿಂದ ಭಾಗಿಸಿದರೆ 2.4, ಒಂದು ಫ್ರೇಮನ್ನು 2.4 ಸಲ ತೋರಿಸುವುದು ಸಾಧ್ಯವಿಲ್ಲವಾದ್ದರಿಂದ ಪರದೆಯು ಒಂದು ಫ್ರೇಮನ್ನು ಎರಡು ಸಲ, ಮುಂದಿನದನ್ನು ಎರಡು ಸಲ, ಅದರ ಮುಂದಿನದನ್ನು ಮೂರು ಸಲ, ಮತ್ತೆ ಎರಡು, ಮತ್ತೆ ಮೂರು ಎಂಬಂತೆ ಐದು ಫ್ರೇಮುಗಳನ್ನು ಹನ್ನೆರಡು ಸಲದಲ್ಲಿ ಹಂಚಿ ತೋರಿಸುತ್ತದೆ. ನಿಂತ ಚಿತ್ರದಲ್ಲಿ ಇದು ತಿಳಿಯುವುದಿಲ್ಲ. ಕ್ಯಾಮೆರಾ ನಿಧಾನವಾಗಿ ಎಡದಿಂದ ಬಲಕ್ಕೆ ತಿರುಗುವ ಶಾಟ್ ಬಂದಾಗ ಕಂಬಗಳು, ಕಿಟಕಿಯ ಸರಳುಗಳು ಸಣ್ಣಗೆ ಮುಗ್ಗರಿಸುತ್ತ ಸಾಗುತ್ತವೆ. ಶಾಟ್ ಕೆಟ್ಟಿದೆ ಎಂದು ಅದನ್ನು ಬಿಟ್ಟುಬಿಡುವ ಅಥವಾ ಸ್ಟೆಬಿಲೈಜರ್ ಹಾಕಿ ಇನ್ನಷ್ಟು ಕೆಡಿಸುವ ಮೊದಲು ಹರ್ಟ್ಸ್ ನೋಡಬೇಕು. 25 ಫ್ರೇಮಿಗೆ 50 ಹರ್ಟ್ಸ್ ಇಟ್ಟರೆ ಪ್ರತಿ ಫ್ರೇಮೂ ಸರಿಯಾಗಿ ಎರಡು ಸಲ ಬಂದು ಮುಗ್ಗರಿಕೆ ಮಾಯವಾಗುತ್ತದೆ.

24 ಫ್ರೇಮಿನ ಚಿತ್ರಕ್ಕೆ 24, 48 ಅಥವಾ 120 ಹರ್ಟ್ಸ್ ಬೇಕು. 30ಕ್ಕೆ 60 ಸಾಕು. 23.976, 29.97 ಎಂಬ ಬಿಡಿ ಅಂಕೆಗಳಿದ್ದಲ್ಲಿ ಪಟ್ಟಿಯಲ್ಲಿ ಮೊದಲನೆಯದಕ್ಕೆ 23.976, ಎರಡನೆಯದಕ್ಕೆ 59.94 ಇದ್ದರೆ ಅದನ್ನೇ ಆರಿಸಬೇಕು. 23.976ರ ಚಿತ್ರವನ್ನು ನಿಖರ 24 ಹರ್ಟ್ಸ್‌ನಲ್ಲಿ ಓಡಿಸಿದರೆ ಸುಮಾರು 42 ಸೆಕೆಂಡಿಗೊಮ್ಮೆ ಒಂದು ಫ್ರೇಮ್ ಎರಡು ಸಲ ಬರುತ್ತದೆ; ಸಂಭಾಷಣೆಯ ದೃಶ್ಯದಲ್ಲಿ ಅದು ಕಣ್ಣಿಗೆ ಬೀಳದು, ಆದರೆ ಒಮ್ಮೆ ಕಂಡಿತೆಂದರೆ ಆಮೇಲೆ ಕಾಣುತ್ತಲೇ ಇರುತ್ತದೆ. ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇ ಎಂಬಲ್ಲಿ ಹರ್ಟ್ಸ್ ಬದಲಿಸಬಹುದು. ಈಗ ಎಷ್ಟು ಬಿಟ್ ಆಳದಲ್ಲಿ, ಯಾವ ಬಣ್ಣದ ರೂಪದಲ್ಲಿ ಸಿಗ್ನಲ್ ಹೋಗುತ್ತಿದೆ ಎಂಬುದೂ ಅಲ್ಲೇ ಕಾಣುತ್ತದೆ. ಮ್ಯಾಕ್‌ನಲ್ಲಿ ಡಿಸ್‌ಪ್ಲೇಸ್ ಪುಟದ 'ರಿಫ್ರೆಶ್ ರೇಟ್' ಪಟ್ಟಿಯಲ್ಲಿ ಆರಿಸಬೇಕು. ಎಲ್ಲ ಕಂಪ್ಯೂಟರ್ ಮಾನಿಟರುಗಳೂ 50 ಅಥವಾ 24ಕ್ಕೆ ಒಪ್ಪುವುದಿಲ್ಲ. ಟಿವಿಗಳು ಸಾಮಾನ್ಯವಾಗಿ ಒಪ್ಪುತ್ತವೆ, ಪ್ಲೇಬ್ಯಾಕ್‌ಗೆ ಟಿವಿಯನ್ನು ಬಳಸುವುದರ ಒಂದು ಲಾಭ ಇದು.

ಪರೀಕ್ಷೆಗೆ ಕಪ್ಪು ಹಿನ್ನೆಲೆಯ ಮೇಲೆ ತೆಳುವಾದ ಬಿಳಿಯ ಲಂಬ ಗೆರೆಯೊಂದನ್ನು ಇಟ್ಟು, ಹತ್ತು ಸೆಕೆಂಡಿನಲ್ಲಿ ಎಡ ಅಂಚಿನಿಂದ ಬಲ ಅಂಚಿಗೆ ಸಮವೇಗದಲ್ಲಿ ಸಾಗುವಂತೆ ಮಾಡಿ ಓಡಿಸಿ. ಅದರ ಮೇಲೆ ಕಣ್ಣು ನೆಟ್ಟು ಹಿಂಬಾಲಿಸಿದರೆ ಸಮಗತಿಯೋ ಮುಗ್ಗರಿಕೆಯೋ ಎಂಬುದು ಕೂಡಲೇ ತಿಳಿಯುತ್ತದೆ. ಟೈಮ್‌ಲೈನಿನ ಫ್ರೇಮ್ ವೇಗವನ್ನು ಆರಂಭದಲ್ಲೇ ನಿಶ್ಚಯಿಸಿಕೊಳ್ಳುವುದು ಮುಖ್ಯ. ರಿಸಾಲ್ವ್‌ನಲ್ಲಂತೂ ಕ್ಲಿಪ್ ಇಟ್ಟ ಮೇಲೆ ಆ ಟೈಮ್‌ಲೈನಿನ ವೇಗವನ್ನು ಬದಲಿಸಲಾಗುವುದಿಲ್ಲ.

ತಂತ್ರಾಂಶದೊಳಗೆ

ಪ್ರೀಮಿಯರ್ ಪ್ರೊದಲ್ಲಿ ಪ್ರಿಫರೆನ್ಸಸ್‌ನ 'ಪ್ಲೇಬ್ಯಾಕ್' ಪುಟಕ್ಕೆ ಹೋಗಿ 'ಎನೇಬಲ್ ಮರ್ಕ್ಯುರಿ ಟ್ರಾನ್ಸ್‌ಮಿಟ್' ಎಂಬುದಕ್ಕೆ ಗುರುತು ಹಾಕಿ, ಕೆಳಗಿನ ಪಟ್ಟಿಯಲ್ಲಿ ಎರಡನೇ ಮಾನಿಟರನ್ನೋ ಔಟ್‌ಪುಟ್ ಸಾಧನವನ್ನೋ ಆರಿಸಬೇಕು. ಅಲ್ಲೇ ಇರುವ, ಬೇರೆ ಕಿಟಕಿಗೆ ಹೋದಾಗ ಚಿತ್ರವನ್ನು ನಿಲ್ಲಿಸುವ ಆಯ್ಕೆ ಬಹಳ ಮಂದಿಯನ್ನು ಗಾಬರಿಗೊಳಿಸುತ್ತದೆ: ಬ್ರೌಸರ್ ತೆರೆದೊಡನೆ ಹೊರಗಿನ ಪರದೆ ಖಾಲಿಯಾದರೆ ಅದು ಕೇಬಲ್ಲಿನ ದೋಷವಲ್ಲ, ಈ ಗುರುತಿನ ಕೆಲಸ. ಬೇಡವಾದರೆ ತೆಗೆಯಬಹುದು.

ರಿಸಾಲ್ವ್ ಸ್ಟುಡಿಯೊದಲ್ಲಿ ವರ್ಕ್‌ಸ್ಪೇಸ್ ಮೆನುವಿನ 'ವಿಡಿಯೊ ಕ್ಲೀನ್ ಫೀಡ್' ಮೂಲಕ ಯಾವ ಮಾನಿಟರಿಗೆ ಚಿತ್ರ ಹೋಗಬೇಕೆಂದು ಹೇಳಬಹುದು. ಸಾಧನವಿದ್ದರೆ ಪ್ರಿಫರೆನ್ಸಸ್‌ನ ಸಿಸ್ಟಮ್ ಭಾಗದ 'ವಿಡಿಯೊ ಅಂಡ್ ಆಡಿಯೊ ಐಒ' ಪುಟದಲ್ಲಿ ಅದನ್ನು ಆರಿಸಿ, ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನ 'ಮಾಸ್ಟರ್ ಸೆಟ್ಟಿಂಗ್ಸ್' ಒಳಗಿನ 'ವಿಡಿಯೊ ಮಾನಿಟರಿಂಗ್' ಎಂಬಲ್ಲಿ ಚಿತ್ರದ ಅಳತೆ, ಫ್ರೇಮ್ ವೇಗ, ಬಿಟ್ ಆಳಗಳನ್ನು ಟೈಮ್‌ಲೈನಿಗೆ ಹೊಂದಿಸಬೇಕು. ಫೈನಲ್ ಕಟ್ ಪ್ರೊದಲ್ಲಿ ವಿಂಡೋ ಮೆನುವಿನಿಂದ ವ್ಯೂವರನ್ನು ಎರಡನೇ ಪರದೆಗೆ ಕಳುಹಿಸಬಹುದು. ಸಾಧನವಿದ್ದರೆ ಅದೇ ಮೆನುವಿನ 'ಎ/ವಿ ಔಟ್‌ಪುಟ್' ಬಳಸಬೇಕು.

ಒಂದು ಮಾತು ಎಲ್ಲ ತಂತ್ರಾಂಶಗಳಿಗೂ ಅನ್ವಯಿಸುತ್ತದೆ. ಕಂಪ್ಯೂಟರಿಗೆ ಭಾರವಾಗದಿರಲೆಂದು ಪ್ಲೇಬ್ಯಾಕ್ ರೆಸಲ್ಯೂಷನ್ನನ್ನು ಅರ್ಧಕ್ಕೋ ಕಾಲಿಗೋ ಇಳಿಸಿದ್ದರೆ, ಅಥವಾ ಪ್ರಾಕ್ಸಿ ಕಡತಗಳಲ್ಲಿ (ಮೂಲದ ಬದಲು ಬಳಸುವ ಹಗುರ ನಕಲುಗಳಲ್ಲಿ) ಕೆಲಸ ನಡೆದಿದ್ದರೆ, ದೊಡ್ಡ ಪರದೆಗೂ ಅದೇ ಇಳಿಸಿದ ಚಿತ್ರ ಹೋಗುತ್ತದೆ. ಅದನ್ನು ನೋಡಿ ಫೋಕಸ್ ಚೆನ್ನಾಗಿಲ್ಲವೆಂದು ತೀರ್ಮಾನಿಸುವುದು ಛಾಯಾಗ್ರಾಹಕರಿಗೆ ಮಾಡುವ ಅನ್ಯಾಯ. ಫೋಕಸ್ ನೋಡುವಾಗ ಪ್ರಾಕ್ಸಿ ಆಫ್ ಮಾಡಿ, ರೆಸಲ್ಯೂಷನ್ನನ್ನು ಪೂರ್ತಿಗೆ ತಂದು ನೋಡಬೇಕು. ಪ್ರೀಮಿಯರ್‌ನಲ್ಲಿ ಓಡುವಾಗಿನ ಮತ್ತು ನಿಂತಾಗಿನ ರೆಸಲ್ಯೂಷನ್ನನ್ನು ಬೇರೆ ಬೇರೆಯಾಗಿ ಇಡಬಹುದಾದ್ದರಿಂದ, ಓಟಕ್ಕೆ ಅರ್ಧ, ನಿಲುಗಡೆಗೆ ಪೂರ್ತಿ ಎಂದು ಇಟ್ಟುಕೊಳ್ಳುವುದು ನನ್ನ ರೂಢಿ.

ಕಪ್ಪು ಎಲ್ಲಿಂದ ಆರಂಭ

ಎಂಟು ಬಿಟ್ಟಿನ ಕಂಪ್ಯೂಟರ್ ಲೋಕದಲ್ಲಿ ಕಪ್ಪು ಎಂದರೆ 0, ಬಿಳಿ ಎಂದರೆ 255. ಟಿವಿಯ ಲೋಕದಲ್ಲಿ ಕಪ್ಪು 16, ಬಿಳಿ 235. ಮೊದಲನೆಯದನ್ನು ಫುಲ್, ಎರಡನೆಯದನ್ನು ಲಿಮಿಟೆಡ್ ಅಥವಾ ವಿಡಿಯೊ ಮಟ್ಟ ಎನ್ನುತ್ತಾರೆ. ಎರಡರಲ್ಲಿ ಯಾವುದೂ ತಪ್ಪಲ್ಲ. ಕಳುಹಿಸುವವನೂ ಪಡೆಯುವವನೂ ಬೇರೆ ಬೇರೆ ಭಾಷೆಯಲ್ಲಿದ್ದರೆ ಮಾತ್ರ ಕೆಡುತ್ತದೆ. ಕಂಪ್ಯೂಟರು ಫುಲ್ ಕಳುಹಿಸಿ ಟಿವಿ ಲಿಮಿಟೆಡ್ ಎಂದು ಓದಿದರೆ 16ಕ್ಕಿಂತ ಕೆಳಗಿನದೆಲ್ಲ ಒಂದೇ ಕಪ್ಪಾಗಿ ಕೂದಲು, ಕೋಟು, ನೆರಳು ಮುದ್ದೆಯಾಗುತ್ತವೆ. ತಿರುಗಿದರೆ, ಲಿಮಿಟೆಡ್ ಸಿಗ್ನಲನ್ನು ಮಾನಿಟರ್ ಫುಲ್ ಎಂದು ಓದಿದರೆ, ಕಪ್ಪು ಬೂದಿಯ ಬಣ್ಣಕ್ಕೆ ತಿರುಗಿ ಇಡೀ ಚಿತ್ರದ ಮೇಲೆ ತೆಳು ಮಂಜು ಕವಿದಂತೆ ಕಾಣುತ್ತದೆ.

ಪರೀಕ್ಷೆ ಸರಳ. 0 ಮೌಲ್ಯದ ಕಪ್ಪು ಹಿನ್ನೆಲೆಯ ಮೇಲೆ ಕೆಂಪು, ಹಸಿರು, ನೀಲಿ ಮೂರೂ 10, 15, 20, 30 ಇರುವ ನಾಲ್ಕು ಚೌಕಗಳನ್ನು ಸಾಲಾಗಿಟ್ಟು, ಕೋಣೆಯ ಬೆಳಕನ್ನು ತಗ್ಗಿಸಿ ನೋಡಿ. ಎಲ್ಲವೂ ಸರಿಯಿದ್ದರೆ 30 ಮತ್ತು 20 ಸ್ಪಷ್ಟವಾಗಿ, 15 ಮಂದವಾಗಿ, 10 ಕಣ್ಣು ಕಿರಿದು ಮಾಡಿದರೆ ಕಾಣುವಂತೆ ಇರುತ್ತವೆ. 10 ಮತ್ತು 15 ಪೂರ್ತಿ ಮಾಯವಾಗಿ 20 ಕೂಡ ಕಂಡೂ ಕಾಣದಂತಿದ್ದರೆ ಮೊದಲ ಬಗೆಯ ತಪ್ಪು. ನಾಲ್ಕೂ ಕಂಡು ಹಿನ್ನೆಲೆಯೇ ಬೂದಾಗಿದ್ದರೆ ಎರಡನೆಯದು. ತಿದ್ದಲು ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್ಲಿನ 'ಔಟ್‌ಪುಟ್ ಡೈನಾಮಿಕ್ ರೇಂಜ್', ಎಎಂಡಿ ತಂತ್ರಾಂಶದ 'ಪಿಕ್ಸೆಲ್ ಫಾರ್ಮ್ಯಾಟ್', ಅಥವಾ ಟಿವಿಯ ಮೆನುವಿನ 'ಎಚ್‌ಡಿಎಂಐ ಬ್ಲ್ಯಾಕ್ ಲೆವೆಲ್' ಇವುಗಳಲ್ಲಿ ಒಂದನ್ನು ಮಾತ್ರ ಬದಲಿಸಬೇಕು. ಎರಡು ಕಡೆಯೂ ತಿರುಗಿಸಿದರೆ ತಪ್ಪು ತಲೆಕೆಳಗಾಗಿ ಅಲ್ಲೇ ಉಳಿಯುತ್ತದೆ. ಮಾನಿಟರಿನಲ್ಲಿ ಚಿತ್ರ ಮಂಕಾಗಿದೆಯೆಂದು ಬಣ್ಣ ತಿದ್ದುವ ಹಂತವಾದ ಗ್ರೇಡಿಂಗ್‌ನಲ್ಲಿ ಕಾಂಟ್ರಾಸ್ಟ್ ಏರಿಸಿ ಸರಿಪಡಿಸುವುದಂತೂ ಕನ್ನಡಿ ಕೊಳೆಯಾಗಿದೆಯೆಂದು ಮುಖ ಉಜ್ಜಿದಂತೆ.

ಟಿವಿಯನ್ನು ಮಾನಿಟರ್ ಮಾಡಿಕೊಂಡವರಿಗೆ ಇನ್ನೂ ಕೆಲವು ಕೆಲಸಗಳಿವೆ. ಅಂಗಡಿಯಲ್ಲಿ ಕಣ್ಣು ಸೆಳೆಯಲೆಂದು ಟಿವಿಗೆ ತುಂಬಿದ ಮೋಷನ್ ಸ್ಮೂದಿಂಗ್, ಡೈನಾಮಿಕ್ ಕಾಂಟ್ರಾಸ್ಟ್, ಶಾರ್ಪ್‌ನೆಸ್, ನಾಯ್ಸ್ ರಿಡಕ್ಷನ್, ಕೋಣೆಯ ಬೆಳಕಿಗೆ ತಕ್ಕಂತೆ ಹೊಳಪು ಬದಲಿಸುವ ಸೆನ್ಸರ್ ಎಲ್ಲವನ್ನೂ ಆಫ್ ಮಾಡಬೇಕು. 'ಫಿಲ್ಮ್‌ಮೇಕರ್ ಮೋಡ್' ಇದ್ದರೆ ಇವುಗಳಲ್ಲಿ ಬಹುಪಾಲು ಒಂದೇ ಏಟಿಗೆ ಆಫ್ ಆಗುತ್ತವೆ. ಇನ್ನೊಂದು ಓವರ್‌ಸ್ಕ್ಯಾನ್: ಟಿವಿ ಚಿತ್ರವನ್ನು ಸ್ವಲ್ಪ ಹಿಗ್ಗಿಸಿ ನಾಲ್ಕೂ ಅಂಚುಗಳನ್ನು ಕತ್ತರಿಸಿಬಿಡುತ್ತದೆ. ಚಿತ್ರದ ಅಂಚಿಗೆ ಸುತ್ತಲೂ ಎರಡು ಪಿಕ್ಸೆಲ್ ದಪ್ಪದ ಬಿಳಿ ಗೆರೆ ಎಳೆದು ಕಳುಹಿಸಿದರೆ ನಾಲ್ಕು ಕಡೆಯೂ ಗೆರೆ ಕಾಣಬೇಕು. ಕಾಣದಿದ್ದರೆ ಟಿವಿಯಲ್ಲಿ 'ಜಸ್ಟ್ ಸ್ಕ್ಯಾನ್', 'ಸ್ಕ್ರೀನ್ ಫಿಟ್' ಎಂಬಂಥ ಆಯ್ಕೆಯನ್ನು ಹುಡುಕಬೇಕು. ನೀಲಿ ಹಿನ್ನೆಲೆಯ ಮೇಲಿನ ಸಣ್ಣ ಕೆಂಪು ಅಕ್ಷರಗಳ ಅಂಚು ಕದಡಿ ಹರಡಿದಂತಿದ್ದರೆ ಬಣ್ಣದ ಮಾಹಿತಿ ದಾರಿಯಲ್ಲಿ ಅರ್ಧವಾಗಿದೆ ಎಂದರ್ಥ. ಆ ಇನ್‌ಪುಟ್ಟಿನ ಹೆಸರನ್ನು ಟಿವಿಯಲ್ಲಿ 'ಪಿಸಿ' ಎಂದು ಬದಲಿಸಿದರೆ ಎಷ್ಟೋ ಟಿವಿಗಳಲ್ಲಿ ಅದು ಸರಿಹೋಗುತ್ತದೆ.

ಬಣ್ಣ

ಎಚ್‌ಡಿ ವಿಡಿಯೊದ ಬಣ್ಣದ ಮಾನದಂಡ ರೆಕ್ 709. ಎಡಿಟಿಂಗ್ ಕೋಣೆಯ ಮಾನಿಟರ್ ಅದಕ್ಕೆ ಹೊಂದಬೇಕಾದರೆ ಬಿಳಿಯ ಬಿಂದು ಡಿ65, ಎಂದರೆ ಸುಮಾರು 6500 ಕೆಲ್ವಿನ್. ಗಾಮಾ, ಎಂದರೆ ಕಪ್ಪಿನಿಂದ ಬಿಳಿಗೆ ಹೊಳಪು ಏರುವ ರೀತಿ, ಮಂದ ಬೆಳಕಿನ ಕೋಣೆಯಲ್ಲಿ 2.4, ಬಿಳಿಯ ಹೊಳಪು ಸುಮಾರು 100 ನಿಟ್ಸ್. ಕಾರ್ಖಾನೆಯಿಂದ ಬಂದ ಮಾನಿಟರುಗಳು ಇದಕ್ಕಿಂತ ಎರಡು ಮೂರು ಪಟ್ಟು ಹೆಚ್ಚು ಹೊಳೆಯುತ್ತಿರುತ್ತವೆ, ಆದ್ದರಿಂದ 100ಕ್ಕೆ ಇಳಿಸಿದ ಮೊದಲ ದಿನ ಮಂಕೆನಿಸುವುದು ಸಹಜ. ಕೋಣೆಯ ಬೆಳಕನ್ನೂ ಇಳಿಸಿ, ಮಾನಿಟರಿನ ಹಿಂದಿನ ಗೋಡೆಗೆ 6500 ಕೆಲ್ವಿನ್‌ನ ಮೆಲುಬೆಳಕು ಬಿಟ್ಟರೆ ಕಣ್ಣು ಹೊಂದಿಕೊಳ್ಳುತ್ತದೆ.

ಕಣ್ಣಳತೆಯಿಂದ ಬಣ್ಣ ಹೊಂದಿಸುವುದು ವ್ಯರ್ಥ ಶ್ರಮ. ಪರದೆಯ ಮೇಲೆ ಇಟ್ಟು ಅಳೆಯುವ ಕಲರಿಮೀಟರ್ ಬೇಕು. ಮಾನಿಟರನ್ನು ಅರ್ಧ ಗಂಟೆ ಉರಿಸಿ ಬೆಚ್ಚಗಾದ ಮೇಲೆ ಅಳೆಯಬೇಕು. ಗ್ರಾಫಿಕ್ಸ್ ಕಾರ್ಡಿನ ದಾರಿಯಲ್ಲಿ ಅಳತೆಯ ಫಲ ಐಸಿಸಿ ಪ್ರೊಫೈಲ್ (ಪರದೆಯ ಬಣ್ಣದ ವಿವರವಿರುವ ಕಡತ) ಆಗಿ ಆಪರೇಟಿಂಗ್ ಸಿಸ್ಟಮ್ಮಿನಲ್ಲಿ ಕೂರುತ್ತದೆ. ಔಟ್‌ಪುಟ್ ಸಾಧನದ ದಾರಿಗೆ ಆ ಪ್ರೊಫೈಲ್ ತಾಗುವುದೇ ಇಲ್ಲ. ಅಲ್ಲಿ ತಿದ್ದುಪಡಿಯನ್ನು ಲಟ್ ಕಡತವಾಗಿ (ಯಾವ ಬಣ್ಣವನ್ನು ಯಾವುದಕ್ಕೆ ಬದಲಿಸಬೇಕೆಂಬ ಪಟ್ಟಿಯಾಗಿ) ಮಾನಿಟರಿನೊಳಗೋ ತಂತ್ರಾಂಶದ ಮಾನಿಟರ್ ಲಟ್ ಆಗಿಯೋ ಹಾಕಬೇಕು. ಹಾಗೆ ಹಾಕಿದ ಲಟ್ ರಫ್ತಾಗುವ ಕಡತದೊಳಗೆ ಸೇರಿಹೋಗದಂತೆಯೂ ನೋಡಿಕೊಳ್ಳಬೇಕು. ಮ್ಯಾಕ್ ಬಳಸುವವರಿಗೆ ಇನ್ನೊಂದು ಅನುಭವ ಪರಿಚಿತವಿರಬಹುದು: ಹೊರಗಿನ ಪರದೆಯಲ್ಲಿ ಸರಿಯಾಗಿದ್ದ ಚಿತ್ರ ರಫ್ತಾದ ಮೇಲೆ ಕ್ವಿಕ್‌ಟೈಮ್ ಪ್ಲೇಯರಿನಲ್ಲಿ ತೊಳೆದಂತೆ ತೆಳುವಾಗಿ ಕಾಣುತ್ತದೆ. ಮ್ಯಾಕ್ ರೆಕ್ 709 ಗುರುತಿನ ಕಡತಗಳನ್ನು 2.4ಕ್ಕಿಂತ ಕಡಿಮೆ ಗಾಮಾದಲ್ಲಿ ಅರ್ಥೈಸುವುದೇ ಇದಕ್ಕೆ ಕಾರಣ. ಕಡತ ಕೆಟ್ಟಿರುವುದಿಲ್ಲ.

ಧ್ವನಿ

ಮಾತು ಕಂಪ್ಯೂಟರಿನ ಸ್ಪೀಕರಿನಿಂದ ನೇರ ಹೊರಡುತ್ತದೆ, ಚಿತ್ರ ಟಿವಿಯೊಳಗಿನ ಸಂಸ್ಕರಣೆಗೆ ಸಿಕ್ಕಿ ತಡವಾಗುತ್ತದೆ. 25 ಫ್ರೇಮಿನಲ್ಲಿ ಒಂದು ಫ್ರೇಮ್ ಎಂದರೆ 40 ಮಿಲಿಸೆಕೆಂಡ್. ಎರಡು ಫ್ರೇಮ್ ತಡವಾದರೆ ತುಟಿ ಮತ್ತು ಮಾತು ಬೇರೆಯಾದದ್ದು ಯಾರಿಗೂ ಗೊತ್ತಾಗುತ್ತದೆ. ಟಿವಿಯನ್ನು ಗೇಮ್ ಮೋಡಿಗೆ ಹಾಕಿದರೆ ತಡ ಬಹಳಷ್ಟು ಇಳಿಯುತ್ತದೆ. ಉಳಿದದ್ದನ್ನು ಅಳೆಯಲು ಕಪ್ಪು ಚಿತ್ರದ ನಡುವೆ ಒಂದೇ ಒಂದು ಬಿಳಿ ಫ್ರೇಮನ್ನು, ಅದೇ ಫ್ರೇಮಿನಲ್ಲಿ ಒಂದು ಬೀಪ್ ಸದ್ದನ್ನು ಇಟ್ಟು ಓಡಿಸಿ, ಹೊರಗಿನ ಪರದೆಯನ್ನು ಫೋನಿನಲ್ಲಿ ಸೆಕೆಂಡಿಗೆ 60 ಫ್ರೇಮಿನಂತೆ ಚಿತ್ರೀಕರಿಸಬೇಕು. ಆ ಚಿತ್ರೀಕರಣವನ್ನು ಟೈಮ್‌ಲೈನಿಗೆ ತಂದು, ಬೀಪಿನ ಅಲೆ ಎದ್ದ ಜಾಗದಿಂದ ಪರದೆ ಬೆಳಗಿದ ಫ್ರೇಮಿನವರೆಗೆ ಎಣಿಸಿ: ಐದು ಫ್ರೇಮ್ ಅಂತರವಿದ್ದರೆ ಐದು ಗುಣಿಸು 16.7, ಎಂದರೆ ಸುಮಾರು 83 ಮಿಲಿಸೆಕೆಂಡ್ ತಡ. ಪ್ರೀಮಿಯರ್‌ನಲ್ಲಿ ಪ್ಲೇಬ್ಯಾಕ್ ಪುಟದ ಆಫ್‌ಸೆಟ್ ಅಂಕಣದಲ್ಲಿ ಇದನ್ನು ತುಂಬಿ ಮತ್ತೊಮ್ಮೆ ಅಳೆಯಬೇಕು. ಧ್ವನಿಯನ್ನೂ ಎಚ್‌ಡಿಎಂಐ ಮೂಲಕ ಟಿವಿಗೇ ಕಳುಹಿಸುವುದು ಸುಲಭದ ಉಪಾಯ. ಆಗ ಎರಡೂ ಒಟ್ಟಿಗೆ ತಡವಾಗಿ ಹೊಂದಿಕೊಳ್ಳುತ್ತವೆ, ಆದರೆ ಟಿವಿಯ ಸ್ಪೀಕರನ್ನು ನಂಬಿ ಮಿಕ್ಸ್ ಮಾಡುವಂತಿಲ್ಲ. ಇವೆಲ್ಲ ನೋಡುವಾಗಿನ ಹೊಂದಾಣಿಕೆಗಳು ಎಂಬುದು ನೆನಪಿರಲಿ. ಟೈಮ್‌ಲೈನಿನ ಮೇಲೆ ಧ್ವನಿಯ ಕ್ಲಿಪ್ಪನ್ನು ಎರಡು ಫ್ರೇಮ್ ಸರಿಸಿ 'ಸರಿ' ಮಾಡಿದರೆ ರಫ್ತಾದ ಕಡತದಲ್ಲಿ ನಿಜವಾದ ತಪ್ಪು ಕೂರುತ್ತದೆ.

ಕುಂಟುವ ಪ್ಲೇಬ್ಯಾಕ್

ಎಲ್ಲ ಹೊಂದಿಸಿದ ಮೇಲೂ ಚಿತ್ರ ನಿಂತು ನಿಂತು ಓಡಿದರೆ, ಹೊರಗಿನ ಔಟ್‌ಪುಟ್ಟನ್ನು ಆಫ್ ಮಾಡಿ ಅದೇ ಭಾಗವನ್ನು ಮತ್ತೆ ಓಡಿಸಿ ನೋಡಿ. ಪ್ರೀಮಿಯರ್‌ನಲ್ಲಿ ಡ್ರಾಪ್ಡ್ ಫ್ರೇಮ್ ಸೂಚಕವೆಂಬ ಸಣ್ಣ ದೀಪವಿದೆ, ಫ್ರೇಮ್ ಬಿಟ್ಟುಹೋದರೆ ಅದು ಹಸಿರಿನಿಂದ ಹಳದಿಗೆ ತಿರುಗುತ್ತದೆ. ರಿಸಾಲ್ವ್‌ನಲ್ಲಿ ವ್ಯೂವರಿನ ಮೇಲೆ ಓಡುತ್ತಿರುವ ವೇಗದ ಅಂಕೆ ಕಾಣುತ್ತದೆ. ಔಟ್‌ಪುಟ್ ಆಫ್ ಇದ್ದಾಗಲೂ ಫ್ರೇಮ್ ಬಿಟ್ಟುಹೋಗುತ್ತಿದ್ದರೆ ಮಾನಿಟರ್ ನಿರ್ದೋಷಿ. ಎಚ್.264, ಎಚ್.265 ಕಡತಗಳಲ್ಲಿ ಬಹುಪಾಲು ಫ್ರೇಮುಗಳು ಅಕ್ಕಪಕ್ಕದವುಗಳನ್ನು ಆಧರಿಸಿ ಬರೆದಿರುವುದರಿಂದ ಅವನ್ನು ಬಿಡಿಸುವುದೇ ಪ್ರೊಸೆಸರಿಗೆ ಭಾರ. ಪ್ರೊರೆಸ್ ಅಥವಾ ಡಿಎನ್‌ಎಕ್ಸ್‌ಎಚ್‌ಆರ್‌ಗೆ ಪ್ರಾಕ್ಸಿ ಮಾಡಿಕೊಂಡರೆ ಹಗುರಾಗುತ್ತದೆ. ಔಟ್‌ಪುಟ್ ಆನ್ ಆದಾಗ ಮಾತ್ರ ಕುಂಟಿದರೆ ಹಬ್, ತಪ್ಪು ಪೋರ್ಟು, ಹೊಂದದ ಹರ್ಟ್ಸ್ ಎಂಬ ಕ್ರಮದಲ್ಲಿ ಹುಡುಕಬೇಕು.

ಚಲಿಸುವ ಗೆರೆ, ಕಪ್ಪು ಚೌಕಗಳು, ಅಂಚಿನ ಬಿಳಿ ಗೆರೆ, ಬೀಪ್ ಇವನ್ನೆಲ್ಲ ಒಂದು ನಿಮಿಷದ ಸೀಕ್ವೆನ್ಸ್ ಆಗಿ ಉಳಿಸಿಟ್ಟುಕೊಳ್ಳಿ. ಗ್ರಾಫಿಕ್ಸ್ ಡ್ರೈವರ್ ಹೊಸದಾದಾಗ, ಆಪರೇಟಿಂಗ್ ಸಿಸ್ಟಮ್ ಅಪ್‌ಡೇಟ್ ಆದಾಗ, ಯಾರೋ ಟಿವಿಯ ರಿಮೋಟ್ ಹಿಡಿದು ಹೋದಾಗ 50 ಹರ್ಟ್ಸ್ ಸದ್ದಿಲ್ಲದೆ 60ಕ್ಕೆ, ಫುಲ್ ಲಿಮಿಟೆಡ್ಡಿಗೆ ಮರಳಿರುತ್ತದೆ. ಹೊಸ ಕೆಲಸ ಶುರು ಮಾಡುವ ಬೆಳಿಗ್ಗೆ ಮೊದಲು ಆ ಒಂದು ನಿಮಿಷವನ್ನು ಓಡಿಸಿ ನೋಡಿ, ಆಮೇಲೆ ಟೈಮ್‌ಲೈನ್ ತೆರೆಯಿರಿ.